ನಡೆದು ಬಂದು ಹಾಕಿದ ಒಂದು ಮತ

ಸ್ಲೇಟ್‌ರಿಡ್ಜಿನ ಎರಡನೇ ವಾರ್ಡಿನಲ್ಲಿ ಯಾರನ್ನಾದರೂ ನಿಲ್ಲಿಸಿ ಅರ್ಲೀನ್ ಹುಡಾಕ್ ಎಂಥವಳು ಎಂದು ಕೇಳಿದರೆ ಮೊದಲು ಬಾಯಿಗೆ ಬರುವುದು ಹೊಗಳಿಕೆಯಲ್ಲ, ದೂರು. "ಒಡಹುಟ್ಟಿದ ತಮ್ಮನನ್ನೇ ಮತಗಟ್ಟೆಯಿಂದ ಆಚೆಗೆ ಕಳಿಸಿದ ಪುಣ್ಯಾತ್ಗಿತ್ತಿ ಕಣ್ರೀ ಅವಳು!" ಮಾತು ಸುಳ್ಳಲ್ಲ. ಹನ್ನೆರಡು ವರ್ಷದ ಹಿಂದೆ ಅವಳ ತಮ್ಮ ಎದೆಯ ಮೇಲೆ ಅಂಗೈಯಗಲದ ಅಭ್ಯರ್ಥಿಯ ಬಿಲ್ಲೆ ಸಿಕ್ಕಿಸಿಕೊಂಡು ಮತ ಹಾಕಲು ಬಂದಿದ್ದ. ಮತಗಟ್ಟೆಯೊಳಗೆ ಪ್ರಚಾರ ಕೂಡದು, ತೆಗೆ ಎಂದಳು. ಅವನು ತೆಗೆಯಲಿಲ್ಲ. ಬಾಗಿಲು ತೋರಿಸಿದಳು. ಎರಡು ವರ್ಷ ಅವನು ಅಕ್ಕನ ಮನೆಯ ಮೆಟ್ಟಿಲು ಹತ್ತಲಿಲ್ಲ. ಆ ಎರಡೂ ಕ್ರಿಸ್‌ಮಸ್‌ಗೆ ಆಕೆ ಅಕ್ರೋಟು ತುಂಬಿದ ಸುರುಳಿ ರೊಟ್ಟಿ ಬೇಯಿಸಿ, ಅವನ ಬಾಗಿಲ ಮುಂದಿಟ್ಟು, ಗಂಟೆ ಒತ್ತಿ, ಅವನು ಬರುವ ಮೊದಲೇ ಕಾರು ಹತ್ತಿ ಹೋಗಿಬಿಡುತ್ತಿದ್ದಳು. ಕ್ಷಮೆ ಮಾತ್ರ ಕೇಳಲಿಲ್ಲ.

ಇಪ್ಪತ್ತಾರು ವರ್ಷದಿಂದ ಆ ಮತಗಟ್ಟೆಗೆ ಆಕೆಯೇ ಮುಖ್ಯಾಧಿಕಾರಿ. ಅದು ಕೂಡ ಜನ ಆರಿಸಬೇಕಾದ ಹುದ್ದೆ. ಆಕೆಯ ಎದುರು ನಿಲ್ಲುವವರೇ ಇಲ್ಲ. ಬೆಳಗಿನ ಜಾವ ಐದಕ್ಕೆ ಬಂದು ರಾತ್ರಿ ಹತ್ತರವರೆಗೆ ಮರದ ಕುರ್ಚಿಯಲ್ಲಿ ಕೂತು ಬೈಸಿಕೊಳ್ಳುವ ಕೆಲಸ ಯಾರಿಗೆ ಬೇಕು? ಮತಗಟ್ಟೆ ಇರುವುದು ಮಾಜಿ ಸೈನಿಕರ ಭವನದಲ್ಲಿ. ಆಕೆಯೂ ಮಾಜಿ ಸೈನಿಕಳೇ. ವಿಯೆಟ್ನಾಮಿನ ಡೇರೆ ಆಸ್ಪತ್ರೆಯಲ್ಲಿ ಹದಿನಾಲ್ಕು ತಿಂಗಳು ದಾದಿಯಾಗಿದ್ದವಳು. ವಾಪಸಾದ ಮೇಲೆ ಎಪ್ಪತ್ತೊಂದನೇ ಇಸವಿಯಲ್ಲಿ ಇದೇ ಭವನಕ್ಕೆ ಸದಸ್ಯಳಾಗಲು ಬಂದಾಗ, ಹೆಂಡಂದಿರ ಸಂಘ ಪಕ್ಕದ ಕೋಣೆಯಲ್ಲಿದೆ, ಅಲ್ಲಿ ಕಾಫಿ ಕಾಸುವವರು ಬೇಕಾಗಿದ್ದಾರೆ ಎಂದಿದ್ದರು. ಇಡೀ ಭವನದಲ್ಲಿ ಒಬ್ಬರು ಮಾತ್ರ ಎದ್ದು ನಿಂತರು. ಕೊರಿಯಾ ಯುದ್ಧದಲ್ಲಿ ಹೋರಾಡಿದ ಆಂಬ್ರೋಸ್ ಕ್ಲಿಮ್ಕೊ. "ಈ ಹುಡುಗಿ ನೋಡಿದಷ್ಟು ರಕ್ತ ಈ ಕೋಣೇಲಿ ಯಾರು ನೋಡಿದ್ದೀರಿ, ಕೈ ಎತ್ತಿ" ಎಂದರು. ಒಂದು ಕೈಯೂ ಏಳಲಿಲ್ಲ. ಆಕೆಯ ಅರ್ಜಿಯ ಮೇಲೆ ಶಿಫಾರಸಿನ ಸಹಿ ಹಾಕಿದರು. ಅರ್ಜಿ ಮೂರು ಸಲ ತಿರಸ್ಕಾರವಾಯಿತು. ಮೂರು ಸಲವೂ ಅವರು ಮತ್ತೆ ಹಾಕಿದರು. ನಾಲ್ಕನೆಯ ಸಲ ಭವನದವರು ಒಪ್ಪಿದರು.

ಆ ಆಂಬ್ರೋಸ್ ಈಗ ತೊಂಬತ್ತು ದಾಟಿ, ಗುಡ್ಡದ ಮೇಲಿನ ಮಾಜಿ ಸೈನಿಕರ ವಸತಿಗೃಹದಲ್ಲಿದ್ದಾರೆ. ಊರಿಗೆಲ್ಲ ಅವರು ಇವತ್ತಿಗೂ ಕಾರ್ಪೊರಲ್.

ಅಧ್ಯಕ್ಷ ಚುನಾವಣೆ ಬಂತೆಂದರೆ ದೇಶಕ್ಕೆ ಮಾಜಿ ಸೈನಿಕರ ನೆನಪಾಗುತ್ತದೆ. ಟೋಪಿ ಹಾಕಿದ ಇಪ್ಪತ್ತು ಮುದುಕರನ್ನು ಹುಡುಕಿ ತಂದು ಭಾಷಣಕಾರನ ಬೆನ್ನ ಹಿಂದೆ ಸಾಲಾಗಿ ಕೂರಿಸುತ್ತಾರೆ. ಹಬ್ಬಕ್ಕೆ ಬಾಗಿಲಿಗೆ ಕಟ್ಟಿದ ಬಾಳೆಕಂದಿನ ಹಾಗೆ. ಹಬ್ಬ ಮುಗಿದ ಮೇಲೆ ಬಾಳೆಕಂದು ಎಲ್ಲಿಗೆ ಹೋಗುತ್ತದೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಟೀವಿಯಲ್ಲಿ ಕೂತ ಪಂಡಿತರು "ಮಾಜಿ ಸೈನಿಕರ ಮತ" ಎನ್ನುತ್ತಾರೆ, ಅದೇನೋ ಒಂದೇ ಚೀಲದಲ್ಲಿ ಹೊಲಿದಿಟ್ಟ ಆಲೂಗಡ್ಡೆ ಎಂಬಂತೆ. ಒಂದು ಪಕ್ಷ ಆ ಚೀಲ ತನ್ನದು ಎಂದು ತಿಳಿದಿದೆ. ಇನ್ನೊಂದು ಪಕ್ಷ ಅದು ಕೈತಪ್ಪಿತು ಎಂದು ಕೈಚೆಲ್ಲಿದೆ. ಚೀಲ ಬಿಚ್ಚಿ ನೋಡಿದವರು ಯಾರೂ ಇಲ್ಲ.

ಈ ಸಲದ ಮತದಾನದ ದಿನ, ಮಂಗಳವಾರ ಬೆಳಿಗ್ಗೆ ಏಳೂವರೆಗೆ ವಸತಿಗೃಹದ ವ್ಯಾನು ಭವನದ ಮುಂದೆ ನಿಂತಿತು. ಒಂಬತ್ತು ಮಂದಿ ಇಳಿದರು. ಅವರದೊಂದು ಪದ್ಧತಿ: ಎಲ್ಲರಿಗಿಂತ ಹಿರಿಯನು ಮುಂದೆ, ಕಿರಿಯನು ಕೊನೆಗೆ, ಸಾಲಾಗಿ ಬಂದು ಮತ ಹಾಕಿ, ಆಮೇಲೆ ಚರ್ಚಿನ ಹೆಂಗಸರು ಹೊರಗೆ ಮಾರುವ ಎಲೆಕೋಸು ಬೆರೆಸಿದ ನೂಡಲ್ಸು ತಿಂದು, ಪರಸ್ಪರರ ಅಭ್ಯರ್ಥಿಗಳನ್ನು ಮನಸಾರೆ ಬೈದುಕೊಂಡು ಹೋಗುವುದು. ಮುಂದೆ ಆಂಬ್ರೋಸ್, ವಾಕರ್ ನೂಕಿಕೊಂಡು. ಅವರ ಹಿಂದೆ ಒಂಟಿಗಾಲಿನ ಚೆಟ್ ಮುಲ್‌ಕೇಹಿ. ಯುದ್ಧದಲ್ಲಿ ಕಾಲು ಕಳೆದುಕೊಂಡವನು, ನಾಲಿಗೆಯನ್ನಲ್ಲ.

ಅರ್ಲೀನ್ ಮತದಾರರ ಪಟ್ಟಿಯ ಪುಸ್ತಕ ತೆರೆದು ಹೆಸರಿನ ಮೇಲೆ ಬೆರಳಿಟ್ಟಳು. ಬೆರಳು ಅಲ್ಲೇ ನಿಂತಿತು.

"ಕಾರ್ಪೊರಲ್, ನಿಮ್ಮ ಹೆಸರಿನ ಮುಂದೆ ಅಂಚೆ ಮತಪತ್ರ ಕಳಿಸಿದೆ ಅಂತ ಬರೆದಿದೆಯಲ್ಲ."

"ಬರೆದಿರಬಾರದು."

"ಬರೆದಿದೆ."

"ಹಂಗಾದ್ರೆ ಹೊಡೆದುಹಾಕು. ಪೆನ್ನು ನಿನ್ನ ಕೈಲೇ ಇದೆ."

ಪುಟ ತಿರುಗಿಸಿದಳು. ಒಂಬತ್ತು ಹೆಸರಿನ ಮುಂದೆಯೂ ಅದೇ ಬರಹ. ಆದದ್ದು ಇಷ್ಟು. ಸೆಪ್ಟೆಂಬರಿನಲ್ಲಿ ವಸತಿಗೃಹಕ್ಕೆ ಹೊಸದಾಗಿ ಬಂದ ಮೇಲ್ವಿಚಾರಕಿ, ಮುದುಕರು ಚಳಿಯಲ್ಲಿ ಯಾಕೆ ಒದ್ದಾಡಬೇಕು ಎಂದು ಅಂಚೆ ಮತದ ಅರ್ಜಿಗಳನ್ನು ತಂದು ಊಟದ ಮೇಜಿನ ಮೇಲೆ ಹಂಚಿ, ಇಲ್ಲೊಂದು ಸಹಿ ಹಾಕಿ ಎಂದಿದ್ದಳು. ಹಾಕಿದರು. ಸೈನ್ಯ ಮನುಷ್ಯನಿಗೆ ಕಲಿಸುವ ಮೊದಲ ವಿದ್ಯೆ ಗುಂಡು ಹೊಡೆಯುವುದಲ್ಲ. ಮುಂದೆ ಇಟ್ಟ ಕಾಗದಕ್ಕೆ ಓದದೆ ಸಹಿ ಹಾಕುವುದು. ಐವತ್ತು, ಎಪ್ಪತ್ತು ವರ್ಷವಾದರೂ ಆ ವಿದ್ಯೆ ಮರೆಯುವುದಿಲ್ಲ.

"ಮನೆಗೆ ಬಂದ ಮತಪತ್ರವನ್ನ ಇಲ್ಲಿ ತಂದು ನನಗೆ ಒಪ್ಪಿಸಿದ್ರೆ ಮಾತ್ರ ಹೊಸದು ಕೊಡಬಹುದು," ಎಂದಳು ಅರ್ಲೀನ್. "ದೊಡ್ಡ ಬಿಳಿ ಲಕೋಟೆ. ಯಾರ್ಯಾರ ಹತ್ತಿರ ಇದೆ?"

"ನನ್ನದರ ಮೇಲೆ ನಾನು ಇಸ್ಪೀಟಾಟದ ಅಂಕ ಬರೀತಾ ಇದ್ದೀನಿ," ಎಂದ ಚೆಟ್. "ನಡೆಯುತ್ತಾ?"

"ನಡೆಯುತ್ತೆ. ತಗೊಂಡು ಬಾ."

"ನಾನು ಗೆಲ್ತಾ ಇದ್ದೆ ಕಣೇ!"

ವ್ಯಾನು ಗುಡ್ಡ ಹತ್ತಿ ಇಳಿಯಿತು. ಒಂದು ಲಕೋಟೆ ಬೈಬಲಿನ ಕೆಳಗೆ ಸಿಕ್ಕಿತು, ಒಂದು ಕಾಫಿ ಲೋಟದ ಕೆಳಗೆ, ಒಂದು ಚಪ್ಪಲಿ ಪೆಟ್ಟಿಗೆಯಲ್ಲಿ. ಒಂಬತ್ತೂಕಾಲಿಗೆಲ್ಲ ಎಂಟು ಮಂದಿ ಲಕೋಟೆ ಒಪ್ಪಿಸಿ ಮತ ಹಾಕಿ ಮುಗಿಸಿದರು. ಆಂಬ್ರೋಸ್ ವ್ಯಾನು ಹತ್ತಿರಲೇ ಇಲ್ಲ. ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತೇ ಇದ್ದರು.

"ನನ್ನದು ಅಲ್ಲಿಲ್ಲ. ವಾಪಸ್ ಕಳಿಸಿಬಿಟ್ಟೆ."

"ಯಾಕೆ?"

"ಅಂಚೆ ಮತ ಅಂದ್ರೆ ಕಂದಕದಲ್ಲಿ ಇರೋರದು. ಐವತ್ತೆರಡರಲ್ಲಿ ನನಗೆ ಇಪ್ಪತ್ತೊಂದು ತುಂಬಿತ್ತು. ಮೊದಲನೇ ಮತ. ಮಣ್ಣಲ್ಲಿ ಕೂತ್ಕೊಂಡು, ಹೆಲ್ಮೆಟ್ಟು ತೊಡೆ ಮೇಲಿಟ್ಟು, ಅದರ ಮೇಲೆ ಕಾಗದ ಇಟ್ಟು ಹಾಕಿದೆ. ನನ್ನ ಜೊತೆ ಐದು ಜನ ಹಾಕಿದ್ರು. ಕಾಗದ ಈ ದೇಶ ಮುಟ್ಟೋ ಹೊತ್ತಿಗೆ ಅವರಲ್ಲಿ ಇಬ್ಬರು ಇರಲಿಲ್ಲ." ಸ್ವಲ್ಪ ಉಸಿರು ತೆಗೆದುಕೊಂಡರು. "ಈಗ ಬೆಚ್ಚಗೆ ಹಾಸಿಗೇಲಿ ಬಿದ್ಕೊಂಡು ನಾನು ಅದನ್ನ ತಗೊಳ್ಳೋದಾ? ಯಾವನೋ ಹುಡುಗನ ಪಾಲಿಂದು ಅದು. ಮೇಲೆ ಹಾಗಂತ ಬರೆದು, ಅಂಚೆಯವನ ಕೈಗೆ ಕೊಟ್ಟೆ."

ಅಂಚೆ ಮತ ಈಗ ಎಲ್ಲರಿಗೂ ಇದೆ, ಯಾವ ಹುಡುಗನ ಪಾಲೂ ಕಡಿಮೆಯಾಗುವುದಿಲ್ಲ ಎಂದು ಅರ್ಲೀನ್ ಹೇಳಬಹುದಿತ್ತು. ಇಂಥ ತಪ್ಪನ್ನು ತಿದ್ದುವುದು ಹೇಗೆ?

ಮೂಲೆಯಲ್ಲಿ ಕೂತಿದ್ದ ಇಬ್ಬರು ಪಕ್ಷದ ಏಜೆಂಟರು ಅಷ್ಟು ಹೊತ್ತಿಗೆ ಎದ್ದು ಬಂದಿದ್ದರು. ಗ್ಯಾರೆಟ್ ಲೂಮಿಸ್, ಪಿಟ್ಸ್‌ಬರ್ಗಿನ ಎಳೆ ವಕೀಲ; ಬೂಟಿನಲ್ಲಿ ಮುಖ ನೋಡಿಕೊಳ್ಳಬಹುದು. ಲೊರೇನ್ ಪೆಟಿಫರ್ಡ್, ನಿವೃತ್ತ ಶಾಲಾ ಶಿಕ್ಷಕಿ, ಎದುರು ಪಕ್ಷದವಳು. ಯಾವ ಪಕ್ಷ ಯಾರದು ಎಂಬುದು ಈ ಕಥೆಗೆ ಬೇಕಾಗಿಲ್ಲ. ಆ ದಿನ ಎರಡಕ್ಕೂ ಒಂದೇ ಮುಖವಿತ್ತು.

"ಮೇಡಂ," ಎಂದ ಗ್ಯಾರೆಟ್, ಮುದುಕರ ಟೋಪಿಯನ್ನು ಭಕ್ತಿಯಿಂದ ನೋಡುತ್ತ, "ಇಂಥ ವೀರರಿಗೆ ಒಂದು ಕಾಗದದ ನೆಪ ಹೇಳೋದಾ? ಕೊಟ್ಟುಬಿಡಿ ಮತಪತ್ರ. ನಮ್ಮ ಕಡೆಯಿಂದ ಆಕ್ಷೇಪ ಇಲ್ಲ."

"ನಮ್ಮ ಕಡೆಯಿಂದ ಇದೆ," ಎಂದಳು ಲೊರೇನ್. "ಲಕೋಟೆ ಒಪ್ಪಿಸದೆ ಹೊಸದು ಕೊಡೋ ಹಾಗಿಲ್ಲ. ಅವರ ಮೇಲೆ ನನಗೆ ಗೌರವ ಇದೆ. ಆದ್ರೆ ಕಾನೂನು ಕಾನೂನೇ."

ಆಂಬ್ರೋಸ್ ತಲೆ ಎತ್ತಿದರು. "ಲೋ ಹುಡುಗ, ನೀನು ಯಾರ ಕಡೆಯೋನು ಅಂತ ಗೊತ್ತು ನನಗೆ. ನಮ್ಮ ಮಾಜಿ ಸೈನಿಕರ ಆಸ್ಪತ್ರೆ ಮೂರನೇ ಮಹಡಿಗೆ ಬೀಗ ಹಾಕಿಸಿದ್ದು ನಿಮ್ಮೋರೇ ಅಲ್ವಾ? ಅದನ್ನ ಮರೆತು ಮತ ಹಾಕೋಕೆ ಬಂದಿದ್ದೀನಿ ಅಂದ್ಕೊಂಡ್ಯಾ?"

ಗ್ಯಾರೆಟ್ ಗಂಟಲು ಸರಿಮಾಡಿಕೊಂಡ.

"ಅಂದ್ರೂ... ಮೇಡಂ, ಶಿಕ್ಷಕಿಯವರು ಹೇಳಿದ್ರಲ್ಲೂ ಅರ್ಥ ಇದೆ. ಒಂದು ಮತಪತ್ರ ಹೊರಗೆ ಓಡಾಡ್ತಾ ಇದೆ. ನಿಯಮ ಅಂತ ಒಂದಿದೆಯಲ್ಲ."

"ನಿಯಮ, ನಿಯಮ!" ಎಂದಳು ಲೊರೇನ್, ದನಿಯಲ್ಲಿ ತಟ್ಟನೆ ತಾಯಿಯ ಮಮತೆ ತುಂಬಿ. "ದೇಶಕ್ಕೆ ದುಡಿದ ಜೀವ ಇದು, ಅರ್ಲೀನ್. ಕಂಡೂ ಕಾಣದ ಹಾಗೆ ಬಿಟ್ಟುಬಿಡಬಾರದಾ?"

ಚೆಟ್ ನಕ್ಕು ನಕ್ಕು ಕೆಮ್ಮಿದ. ಅರ್ಲೀನ್ ನಗಲಿಲ್ಲ. "ಇಬ್ಬರೂ ಹೋಗಿ ಕೂತ್ಕೊಳ್ಳಿ. ಬೆಳಗಿಂದ ಕಾನೂನು ಜಾಗ ಬಿಟ್ಟು ಅಲುಗಿಲ್ಲ. ನೀವು ಅದರ ಆಚೆ ಈಚೆ ಜಾಗ ಬದಲಾಯಿಸ್ಕೊಂಡ್ರಿ, ಅಷ್ಟೆ."

ಹೇಳುವುದು ಸುಲಭವಾಯಿತು. ಈಗ ಆಂಬ್ರೋಸ್ ಮುಖ ನೋಡಬೇಕಾಗಿತ್ತು. ಮೂರು ಸಲ ತನ್ನ ಅರ್ಜಿ ಹಾಕಿದ ಮನುಷ್ಯ. ಮುಂದಿನ ಅಧ್ಯಕ್ಷ ಚುನಾವಣೆಗೆ ಈ ಕುರ್ಚಿಯಲ್ಲಿ ಕೂರುವ ಭರವಸೆ ಅವರಿಗೂ ಇರಲಿಲ್ಲ, ಆಕೆಗೂ ಇರಲಿಲ್ಲ. ಮೇಜಿನ ಮೇಲೆ ಖಾಲಿ ಮತಪತ್ರಗಳ ಕಟ್ಟು ಕೈಗೆಟಕುವಂತೆಯೇ ಇತ್ತು. ಒಂದನ್ನು ಹರಿದು ಕೊಟ್ಟಿದ್ದರೆ ಲೊರೇನ್ ಚಪ್ಪಾಳೆ ತಟ್ಟುತ್ತಿದ್ದಳು. ಗ್ಯಾರೆಟ್ ಗೊಣಗಿ ಸುಮ್ಮನಾಗುತ್ತಿದ್ದನೋ ಏನೋ. ಆಕೆಯ ಬೆರಳುಗಳಿಗೆ ಆ ಕಟ್ಟಿನ ಅಂಚು ತಾಗಿತು ಕೂಡ.

ಕೈ ಹಿಂತೆಗೆದು ಇನ್ನೊಂದು ಕಪಾಟಿನಿಂದ ತಾತ್ಕಾಲಿಕ ಮತದ ಲಕೋಟೆ ತಂದಳು. "ಇದರಲ್ಲಿ ಹಾಕಿ. ಜಿಲ್ಲಾ ಕಚೇರಿಯೋರು ಆಮೇಲೆ ವಿಚಾರಿಸಿ, ನಿಮ್ಮ ಅಂಚೆ ಮತ ಬಂದಿಲ್ಲ ಅಂತ ಖಾತ್ರಿ ಮಾಡ್ಕೊಂಡು ಎಣಿಸ್ತಾರೆ."

"ತಾತ್ಕಾಲಿಕ?" ಆಂಬ್ರೋಸ್ ದನಿ ಏರಿತು. "ನಾನು ಕೊರಿಯಾಕ್ಕೆ ತಾತ್ಕಾಲಿಕವಾಗಿ ಹೋಗಿದ್ನಾ? ಆಮೇಲೆ ಎಣಿಸ್ತಾರಂತೆ! ಆಮೇಲೆ ಅಂದಿದ್ದನ್ನೆಲ್ಲ ಯಾವನು ಎಣಿಸಿದಾನೆ ಇಲ್ಲಿವರೆಗೆ? ಪಿಂಚಣಿ ಆಮೇಲೆ, ಕಿವಿಯಂತ್ರ ಆಮೇಲೆ." ಆಮೇಲೆ ದನಿ ತಗ್ಗಿಸಿ ಕೇಳಿದರು: "ನೀನೂ ನನ್ನ ನಂಬಲ್ವೇನೇ ಅರ್ಲೀನ್?"

ಡೇರೆ ಆಸ್ಪತ್ರೆಯಲ್ಲಿ ಸಾಯುವ ಹುಡುಗರು ಏನೇನೋ ಕೇಳಿದ್ದರು. ಅದಕ್ಕೆಲ್ಲ ಆಕೆ ಏನಾದರೂ ಒಂದು ಹೇಳಿದ್ದಳು. ಇದಕ್ಕೆ ಏನಾದರೂ ಒಂದು ಹೇಳಿದರೆ ಸಾಲದು.

"ನಂಬ್ತೀನಿ. ನನ್ನ ನಂಬಿಕೆ ಮೇಲೆ ಮತ ಕೊಡೋದಾದ್ರೆ, ನಾಳೆ ನನ್ನ ಜಾಗಕ್ಕೆ ಬರೋಳು ಅವಳ ನಂಬಿಕೆ ಮೇಲೆ ಕೊಡ್ತಾಳೆ, ಕಾರ್ಪೊರಲ್. ನನ್ನನ್ನ ಈ ಭವನದೋರು ಮೂರು ಸಲ ಹೊರಗಿಟ್ಟಿದ್ದು ಅವರವರ ನಂಬಿಕೆ ಮೇಲೇ." ಲಕೋಟೆಯನ್ನು ಅವರ ಮುಂದೆ ಇಟ್ಟಳು. "ಇದರ ಹಿಂದೆ ನಾನು ಹೋಗ್ತೀನಿ. ಎಣಿಸೋ ತನಕ ಬಿಡಲ್ಲ."

ಅವರು ಲಕೋಟೆಯನ್ನು ತಮ್ಮತ್ತ ಎಳೆದುಕೊಂಡರು. "ಪೆನ್ನು ಕೊಡು," ಎಂದರು.

ಮರೆಯಲ್ಲಿ ಮತ ಹಾಕಿ ಮುಗಿಸಿ ಬಂದು, ಮೇಜಿನ ಮೇಲೆ ಲಕೋಟೆಗೆ ಸಹಿ ಹಾಕಬೇಕು. ಅವರ ಕೈಯಿಂದ ಪೆನ್ನು ಎರಡು ಸಲ ಜಾರಿ ಬಿತ್ತು. ನೆರವು ಬೇಕೆಂದು ಬಾಯಿಬಿಟ್ಟು ಕೇಳಿದರೆ ಕೊಡಲು ನಿಯಮವಿದೆ, ಅವರು ಕೇಳಲಿಲ್ಲ. ಆಸ್ಪತ್ರೆಯಲ್ಲಿ ಸಾವಿರ ಗಾಯಾಳು ಹುಡುಗರ ಕೈ ಹಿಡಿದವಳು ಅರ್ಲೀನ್. ಹಿಡಿಯುವುದು ಆಕೆಗೆ ಉಸಿರಾಟದಷ್ಟು ಅಭ್ಯಾಸ. ತನ್ನೆರಡು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಒಂದನ್ನು ಇನ್ನೊಂದರಿಂದ ಬಿಗಿಯಾಗಿ ಹಿಡಿದು ನಿಂತಳು. ಸಾಲಿನಲ್ಲಿದ್ದವರು ಯಾರೂ ಬೇಗ ಎನ್ನಲಿಲ್ಲ. ನಾಲ್ಕು ನಿಮಿಷ. ಆಂಬ್ರೋಸ್ ಕ್ಲಿಮ್ಕೊ ಎಂಬ ಹೆಸರು ಪೂರ್ತಿ ಬಂತು. ಕೊನೆಯ ಅಕ್ಷರ ಚೌಕದಿಂದ ಆಚೆ ಇಳಿದಿತ್ತು, ಅಷ್ಟೆ.

ಸಂಜೆ ಮತಗಟ್ಟೆ ಮುಚ್ಚುವ ಮೊದಲು ಗ್ಯಾರೆಟ್ ಆ ಲಕೋಟೆಯ ಮೇಲೆ ಆಕ್ಷೇಪ ಬರೆದುಕೊಟ್ಟ: ಈ ಮತದಾರರಿಗೆ ಕಳಿಸಿದ ಅಂಚೆ ಮತಪತ್ರ ಎಲ್ಲಿದೆ ಎಂದು ತಿಳಿದಿಲ್ಲ, ಎರಡು ಸಲ ಮತ ಹಾಕಿರಬಹುದು.

ಮಾರನೆಯ ಬೆಳಿಗ್ಗೆಗೆ ದೇಶದ ಫಲಿತಾಂಶ ಬಂತು. ಸೋತವನು ಸೋತೆ ಎಂದ, ಗೆದ್ದವನು ದೇವರಿಗೆ ಕೈ ಮುಗಿದ. ಎರಡು ಪಕ್ಷದವರೂ ಗಂಟುಮೂಟೆ ಕಟ್ಟಿದರು. ಅರ್ಲೀನ್ ಲೊರೇನ್‌ಗೆ ಫೋನು ಮಾಡಿ, ಮುಂದಿನ ಬುಧವಾರ ವಿಚಾರಣೆ ಇದೆ, ಕಾರ್ಪೊರಲ್ ಪರ ಒಂದು ಮಾತು ಹೇಳಲು ಬರ್ತೀಯಾ ಎಂದು ಕೇಳಿದಳು.

"ಇನ್ನೇನು ಪ್ರಯೋಜನ ಅರ್ಲೀನ್? ಎಲ್ಲ ಮುಗಿದು ಹೋಯ್ತಲ್ಲ," ಎಂದಳು ಲೊರೇನ್.

ದೇಶಕ್ಕೆ ದುಡಿದ ಜೀವದ ಮೇಲಿನ ಮಮತೆಗೆ ಆಯುಷ್ಯ ಇಪ್ಪತ್ತನಾಲ್ಕು ಗಂಟೆ.

ಬುಧವಾರ ಹಿಮದ ಮಳೆಯಲ್ಲಿ ಇಪ್ಪತ್ತೆರಡು ಮೈಲಿ ಕಾರು ಓಡಿಸಿಕೊಂಡು ಆಕೆ ಜಿಲ್ಲಾ ಕಚೇರಿಗೆ ಹೋದಳು. ಉದ್ದನೆಯ ಮೇಜಿನ ಹಿಂದೆ ಚುನಾವಣಾ ಮಂಡಳಿಯ ಮೂವರು, ಪಕ್ಕದಲ್ಲಿ ಗುಮಾಸ್ತೆ, ಎದುರಿಗೆ ಗ್ಯಾರೆಟ್. ಅವನ ಬೂಟು ಆ ದಿನ ಕೆಸರಾಗಿತ್ತು.

"ನಿಮಗೂ ಈ ಮತಕ್ಕೂ ಏನು ಸಂಬಂಧ ಅಮ್ಮಾ?" ಎಂದು ಕೇಳಿದ ಮಂಡಳಿಯ ಅಧ್ಯಕ್ಷ.

"ಲಕೋಟೆ ಮೇಲೆ ನನ್ನದೂ ಸಹಿ ಇದೆ."

"ಫಲಿತಾಂಶ ಬಂದು ವಾರ ಆಯ್ತು. ಈ ಒಂದು ಮತ..."

"ಎಷ್ಟನೇ ಮತದಿಂದ ಎಣಿಸೋದು ನಿಲ್ಲಿಸ್ತೀರಿ, ಅದೊಂದು ಹೇಳಿ. ಮುಂದಿನ ಸಲ ಸಾಲಿನಲ್ಲಿ ಅವರಿಂದ ಆಚೆಗಿರೋರನ್ನ ನಾನೇ ಮನೆಗೆ ಕಳಿಸಿಬಿಡ್ತೀನಿ."

ಅಧ್ಯಕ್ಷ ಕನ್ನಡಕ ತೆಗೆದು ಒರೆಸಿಕೊಂಡ. ಅರ್ಲೀನ್ ಬಂದ ಕೆಲಸ ಹೇಳಿದಳು: ಕಾರ್ಪೊರಲ್ ತಮ್ಮ ಅಂಚೆ ಮತಪತ್ರವನ್ನು ಒಡೆಯದೆ ವಾಪಸ್ ಕಳಿಸಿದ್ದಾರೆ, ಬಟವಾಡೆಯಾಗದೆ ಮರಳಿ ಬಂದ ಅಂಚೆಯನ್ನು ಎಲ್ಲಿಡುತ್ತೀರೋ ಅಲ್ಲಿ ಹುಡುಕಿಸಿ.

"ಅಯ್ಯೋ, ನಾಲ್ಕು ದೊಡ್ಡ ಬುಟ್ಟಿ ತುಂಬಾ ಇದೆ," ಎಂದಳು ಗುಮಾಸ್ತೆ. "ಇಡೀ ದಿನ ಬೇಕು."

"ಆಗಲಿ. ನಾನು ಊಟ ತಂದಿದ್ದೀನಿ."

ಆಕೆಗೆ ಲಕೋಟೆಗಳನ್ನು ಮುಟ್ಟುವ ಅಧಿಕಾರವಿಲ್ಲ. ಕೈ ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತಳು. ಗುಮಾಸ್ತೆ ಒಂದೊಂದೇ ತೆಗೆದು ಓದಿ ಬದಿಗಿಟ್ಟಳು: ಊರು ಬಿಟ್ಟವರದು, ಮನೆ ಬದಲಿಸಿದವರದು, ಸತ್ತವರದು. ಹನ್ನೊಂದಾಯಿತು, ಒಂದಾಯಿತು. ಅರ್ಲೀನ್ ಡಬ್ಬಿ ತೆರೆದು, ತಣ್ಣಗಾದ ನೂಡಲ್ಸು ಅರ್ಧ ತಿಂದು, ಉಳಿದರ್ಧವನ್ನು ಗುಮಾಸ್ತೆಯ ಕಡೆ ಸರಿಸಿದಳು. ಮೂರನೇ ಬುಟ್ಟಿಯ ತಳದಲ್ಲಿ, ಎರಡೂಕಾಲಿಗೆ, ಗುಮಾಸ್ತೆಯ ಕೈ ನಿಂತಿತು.

ಗೋಂದು ಬಿಚ್ಚದ ಬಿಳಿ ಲಕೋಟೆ. ವಿಳಾಸದ ಮೇಲೆ ಅಡ್ಡಗೀಟು. ಅದರ ಕೆಳಗೆ ಏರಿಳಿಯುವ ಅಕ್ಷರ. ಅಧ್ಯಕ್ಷ ಅದನ್ನು ಬೆಳಕಿಗೆ ಹಿಡಿದು ಗಟ್ಟಿಯಾಗಿ ಓದಿದ: "ಇದನ್ನು ಯುದ್ಧಭೂಮಿಯಲ್ಲಿರುವ ಯಾರಾದರೂ ಹುಡುಗನಿಗೆ ಕೊಡಿ. ನಾನು ಇನ್ನೂ ನಡೆಯಬಲ್ಲೆ. ಎ. ಕ್ಲಿಮ್ಕೊ."

ಗ್ಯಾರೆಟ್ ಎದ್ದು ನಿಂತ. ಕಿವಿ ಕೆಂಪಾಗಿತ್ತು. "ಆಕ್ಷೇಪ ವಾಪಸ್ ತಗೊಳ್ತಾ ಇದ್ದೀನಿ," ಎಂದ. ಅವನ ಪಕ್ಷದವರು ಯಾರೂ ಅವನಿಗೆ ಹಾಗೆ ಹೇಳಿಕೊಟ್ಟಿರಲಿಲ್ಲ. ಅಷ್ಟು ಮಾತ್ರ ಅವನ ಲೆಕ್ಕಕ್ಕೆ ಬರೆದುಕೊಳ್ಳಬೇಕು. ಬಾಗಿಲವರೆಗೆ ಹೋದವನು ತಿರುಗಿ ಬಂದು ಅರ್ಲೀನ್ ಕಿವಿಯ ಹತ್ತಿರ ಬಗ್ಗಿದ. "ಮೇಡಂ, ಕೊನೆಗೂ ಅವರು ಯಾರಿಗೆ ಹಾಕಿದ್ರು?"

"ಅವರು ಮರೆಗೆ ಹೋಗಿ ಹಾಕಿದ್ದು ನಾನು ನೋಡಲಿ ಅಂತಲ್ಲಪ್ಪ," ಎಂದಳು ಆಕೆ.

ಗುಮಾಸ್ತೆ ತಾತ್ಕಾಲಿಕ ಲಕೋಟೆ ಸೀಳಿ, ಒಳಗಿನ ಹೆಸರಿಲ್ಲದ ಲಕೋಟೆಯನ್ನು ಅಂಥವೇ ಮೂವತ್ತೊಂದರ ಜೊತೆ ಸೇರಿಸಿ ಕಲೆಸಿದಳು. ಇನ್ನು ಅದು ಕಾರ್ಪೊರಲ್‌ದೆಂದು ದೇವರೂ ಗುರುತು ಹಿಡಿಯುವಂತಿರಲಿಲ್ಲ. ಅರ್ಲೀನ್ ಎಣಿಕೆ ಮುಗಿಯುವವರೆಗೆ ಕೂತಿದ್ದು, ಮೂವತ್ತೆರಡು ಎಂಬ ಅಂಕಿ ಕಾಗದದ ಮೇಲೆ ಬಿದ್ದದ್ದನ್ನು ಕಣ್ಣಾರೆ ಕಂಡು ಎದ್ದಳು.

ವಸತಿಗೃಹ ಮುಟ್ಟಿದಾಗ ಅಲ್ಲಿ ರಾತ್ರಿಯೂಟಕ್ಕೆ ಮೇಜು ಹಾಕುತ್ತಿದ್ದರು. ಆಂಬ್ರೋಸ್ ಸೂಪಿನ ಬಟ್ಟಲ ಮುಂದೆ ಕೂತಿದ್ದರು. ಆಕೆ ಕೋಟು ಕೂಡ ತೆಗೆಯದೆ ಎದುರಿನ ಕುರ್ಚಿಯಲ್ಲಿ ಕೂತಳು.

"ಎಣಿಸಿದ್ರು."

"ನೀನು ನೋಡಿದ್ಯಾ?"

"ನೋಡಿದೆ. ನಿಮ್ಮ ಲಕೋಟೆ ಸಿಗೋವರೆಗೆ ಅಲ್ಲೇ ಕೂತಿದ್ದೆ."

ಅವರು ಚಮಚ ಕೆಳಗಿಟ್ಟರು. "ಗೆದ್ದೋನು ಗೆದ್ದು ವಾರ ಆಯ್ತು. ನನ್ನದೊಂದಕ್ಕೆ ಆ ಮಳೇಲಿ ಹೋಗಿದ್ಯಾ?"

"ಹೋಗ್ತೀನಿ ಅಂದಿದ್ದೆನಲ್ಲ."

"ಒಳ್ಳೇದಾಯ್ತು." ಅವರು ಕುರ್ಚಿಯಲ್ಲಿ ನೆಟ್ಟಗೆ ಕೂತು, ಕೊರಳಪಟ್ಟಿ ಸರಿಮಾಡಿಕೊಂಡರು. "ಒಂದು ವಾರದಿಂದ ಬಾಯಿ ಕಟ್ಕೊಂಡು ಕೂತಿದ್ದೀನಿ. ಮತ ಎಣಿಕೆ ಆಗದೇ ಇರೋನು ಯಾವ ಮುಖ ಇಟ್ಕೊಂಡು ಬೈಯೋದು? ಇನ್ನು ಬೈಯಬಹುದು."

"ಯಾರನ್ನ?"

"ಗೆದ್ದೋನನ್ನ. ನಾನು ಹಾಕಿರೋದು ಅವನಿಗೇ ಆಗಿದ್ರೂ ಸರಿ, ಅಲ್ಲದಿದ್ರೂ ಸರಿ. ಮೊದಲು ಆ ಮೂರನೇ ಮಹಡಿ ವಿಷಯ ತಗೋ..."

ಪಕ್ಕದ ಮೇಜಿನಿಂದ ಚೆಟ್ ಕುರ್ಚಿ ಎಳೆದುಕೊಂಡು ಬಂದ. ಸೂಪು ಆರುವವರೆಗೂ ಕಾರ್ಪೊರಲ್ ಬೈದರು. ಅರ್ಲೀನ್ ಕೋಟಿನ ಗುಂಡಿ ಒಂದೊಂದಾಗಿ ಬಿಚ್ಚುತ್ತ ಕೇಳಿದಳು.